ಯಾರ ಪಾಸ್‌ವರ್ಡ್?

ಧಾರವಾಡದ ಓಣಿಯಲ್ಲಿ ಗುರುತಿಲ್ಲದವರು ಕದ ಬಡಿದರೆ ಒಳಗಿನಿಂದಲೇ ವಿಚಾರಣೆ ಶುರುವಾಗುತ್ತದೆ: ಯಾರು, ಯಾವ ಊರು, ಏನು ಕೆಲಸ? ಉತ್ತರ ಸಮಾಧಾನ ತರುವವರೆಗೆ ಚಿಲಕ ಅಲುಗುವುದಿಲ್ಲ. ಅದೇ ಮನೆಯ ಕಂಪ್ಯೂಟರ್ ಪರದೆಯಲ್ಲಿ ಚೌಕವೊಂದು ಮೂಡಿ ಪಾಸ್‌ವರ್ಡ್ ಎಂದರೆ ಸಾಕು, ತಿಜೋರಿಯ ಕೀಲಿಯನ್ನೇ ಕೊಟ್ಟು ಕಳಿಸುತ್ತೇವೆ.

ಮೊನ್ನೆ ಹುಬ್ಬಳ್ಳಿಯ ಕಚೇರಿಯೊಂದಕ್ಕೆ ದಾಖಲೆಯ ಪ್ರತಿಗಾಗಿ ಹೋಗಿದ್ದೆ. ಹೊಸ ಪ್ರಿಂಟರ್ ಬಂದಿತ್ತು. ಅದರ ತಂತ್ರಾಂಶ ಹಾಕಲು ಹೋದರೆ ಪರದೆಯೆಲ್ಲ ಮಂಕಾಗಿ, ನಡುವೆ ಚೌಕ ಎದ್ದು ನಿಂತಿತು: ಪ್ರಕಾಶಕರು ಅಜ್ಞಾತ, ಆಡಳಿತಗಾರರ ಪಾಸ್‌ವರ್ಡ್ ಕೊಡಿ. (ಪ್ರಕಾಶಕರು ಯಾರೆಂದು ತಿಳಿಯದಿದ್ದರೆ ಧಾರವಾಡದವರು ಕವನ ಸಂಕಲನವನ್ನೂ ಮುಟ್ಟುವುದಿಲ್ಲ.) ಗುಮಾಸ್ತರು ತಮ್ಮದನ್ನು ಹಾಕಿದರು. ಆಗಲಿಲ್ಲ. ಆಡಳಿತಗಾರರೆಂದರೆ ಆಡಳಿತಾಧಿಕಾರಿಗಳೇ ಇರಬೇಕೆಂದು ಬೆಂಗಳೂರಿಗೆ ಫೋನ್ ಹಚ್ಚಿದರು.

‘ಸಾಹೇಬರೇ, ಕಂಪ್ಯೂಟರ್ ತಮ್ಮನ್ನು ಕೇಳುತ್ತಿದೆ.’

ಸಾಹೇಬರಿಗೆ ಹಿಗ್ಗಾಗಿರಬೇಕು. ಸಭೆ ಮುಗಿಸಿ ಬರುವವರೆಗೆ ಕಾಯಲು ಹೇಳಿದರಂತೆ. ಕೊನೆಗೆ ಚಹಾ ತಂದ ಸಿಪಾಯಿ ಕೀಬೋರ್ಡ್ ಎತ್ತಿ, ಕೆಳಗಿದ್ದ ಚೀಟಿ ತೋರಿಸಿದ: ‘ದಿನಾಲೂ ನಾನೇ ಹಾಕುತ್ತೇನಲ್ಲ, ಸರ್.’

ನಗಬೇಡಿ. ವಿಂಡೋಸ್ ಬದಲು ಬಲ್ಲವರು ಬಳಸುವ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲೂ ಇದೇ ಗೋಳು. ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆಯೇ ಅಲ್ಲಿ ಯಜಮಾನ. ಆ ಅಧಿಕಾರ ಪಡೆಯಲು ಟೈಪಿಸುವ ‘ಸು’ ಎಂಬ ಆಜ್ಞೆ ಯಜಮಾನನ ಪಾಸ್‌ವರ್ಡ್ ಕೇಳುತ್ತದೆ. ಅದೇ ಕೆಲಸಕ್ಕೆ 1980ರ ಸುಮಾರಿಗೆ ಹುಟ್ಟಿದ ‘ಸುಡೋ’ ಎಂಬ ಇನ್ನೊಂದು ಆಜ್ಞೆ ಸಾಮಾನ್ಯವಾಗಿ ನಿಮ್ಮದನ್ನೇ ಕೇಳುತ್ತದೆ. ‘ಸು’ ಮಾತ್ರ ಇಂದಿಗೂ ಬರೀ ಪಾಸ್‌ವರ್ಡ್ ಎಂದು ಗೊಣಗಿ ಸುಮ್ಮನಾಗುತ್ತದೆ, ಯಾರದ್ದೆಂದು ಬಾಯಿ ಬಿಡುವುದಿಲ್ಲ. ಒತ್ತಿದ ಅಕ್ಷರಕ್ಕೆ ಒಂದು ಚುಕ್ಕೆಯೂ ಮೂಡದ್ದರಿಂದ ಹೊಸಬರು ಕೀಬೋರ್ಡನ್ನೇ ಬಡಿಯುತ್ತಾರೆ. ಅನುಮತಿ ಪಡೆದವರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಸುಡೋ, ಈ ಘಟನೆಯನ್ನು ವರದಿ ಮಾಡಲಾಗುವುದು ಎಂದು ಬಹುಕಾಲ ಗದರಿಸುತ್ತಿತ್ತು. ವರದಿ ಹೋಗುವುದು ಯಂತ್ರದ ಯಜಮಾನನಿಗೆ. ಮನೆಯ ಕಂಪ್ಯೂಟರಿನಲ್ಲಿ ಆ ಯಜಮಾನ ಬೈಸಿಕೊಂಡವನೇ.

2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾ ಇನ್ನೊಂದು ಅತಿ. ಹೆಜ್ಜೆಗೊಮ್ಮೆ ಅನುಮತಿ ಕೇಳಿ ಕೇಳಿ, ಓದದೆ ‘ಹೌದು’ ಒತ್ತುವ ವಿದ್ಯೆಯನ್ನು ಜಗತ್ತಿಗೆಲ್ಲ ಕಲಿಸಿತು. 2009ರ ವಿಂಡೋಸ್ 7 ಕಾಟ ಕಡಿಮೆ ಮಾಡಿತು, ಆದರೆ ಬೆರಳಿಗೆ ಬಿದ್ದ ರೂಢಿ ಹೋಗಲಿಲ್ಲ.

ಚೌಕ ಬರೆಯುವ ಕೆಲಸ ನನಗೆ ಕೊಟ್ಟರೆ ಹೀಗೆ ಬರೆಯುತ್ತೇನೆ: ‘ನಾನು ಪ್ರಿಂಟರಿನ ತಂತ್ರಾಂಶ. ನೀವು ಈಗ ಗುಂಡಿ ಒತ್ತಿದ್ದರಿಂದ ಬಂದೆ. ಈ ಕಂಪ್ಯೂಟರ್ ನೋಡಿಕೊಳ್ಳುವವರ ಪಾಸ್‌ವರ್ಡ್ ಬೇಕು, ಸಾಹೇಬರದ್ದಲ್ಲ. ನೀವು ಕರೆಯದೆ ನಾನು ಬಂದಿದ್ದರೆ ಹೊರಗೆ ಹಾಕಿ.’ ಹೆಚ್ಚು ಜಾಗವೇನೂ ಹಿಡಿಯುವುದಿಲ್ಲ.

ಅಂದು ಚೀಟಿಯ ಬಲದಿಂದ ಪ್ರಿಂಟರ್ ಎದ್ದು ಕುಳಿತಿತು. ಆದರೆ ಕಾಗದ ಇರಲಿಲ್ಲ. ಗುಮಾಸ್ತರು ಬೇಡಿಕೆ ಪತ್ರ ತೆಗೆದರು: ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಹಾಳೆ, ಮಂಜೂರು ಮಾಡಿದವರ ಸಹಿ. ಎಲ್ಲಕ್ಕೂ ಬೇರೆ ಬೇರೆ ಅಂಕಣ. ಸಾಹೇಬರು ಬರುವುದು ಸೋಮವಾರ.