ಕುಡಿಯಲು ಸರಿಯಿರುವ ನೀರು ಮೂಗಿಗೆ ಸಾಲದು

ಜಲನೇತಿ, ಅಂದರೆ ಒಂದು ಹೊಳ್ಳೆಯಲ್ಲಿ ಬೆಚ್ಚಗಿನ ಉಪ್ಪುನೀರು ಬಿಟ್ಟು ಇನ್ನೊಂದರಿಂದ ಹೊರಗೆ ಹರಿಸಿ ಮೂಗು ತೊಳೆಯುವ ಕ್ರಿಯೆ ಮಾಡುವವರು ಈಗ ಎಲ್ಲ ಕಡೆ ಸಿಗುತ್ತಾರೆ. ಯೋಗ ಶಿಬಿರದಲ್ಲಿ ಕಲಿತವರು, ಸೈನಸ್ ತೊಂದರೆಗೆ ಇಎನ್‌ಟಿ ಡಾಕ್ಟರ್ ಹೇಳಿದ್ದಕ್ಕೆ ಮೂಗು ತೊಳೆಯುವ ಪ್ಲಾಸ್ಟಿಕ್ ಬಾಟಲಿ ತಂದುಕೊಂಡವರು, ಬೆಂಗಳೂರಿನ ಧೂಳಿಗೆ ಬೇಸತ್ತು ಶುರು ಮಾಡಿದವರು. ನಾನೂ ವರ್ಷಗಳಿಂದ ಮಾಡುತ್ತಿದ್ದೇನೆ. ಕಟ್ಟಿದ ಮೂಗು, ಹಣೆಯ ಭಾರ, ಬೆಳಗಿನ ಸೀನು ಎಲ್ಲ ಎಷ್ಟೋ ಹಗುರಾಗಿದೆ. ಹಾಗಾಗಿ ನೇತಿ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಯಾವ ನೀರು, ಎಂಥ ಪಾತ್ರೆ ಎನ್ನುವುದನ್ನು ನಮ್ಮ ಜನ ತೀರಾ ಸಲೀಸಾಗಿ ತೆಗೆದುಕೊಂಡಿದ್ದಾರೆ. ಅದು ನನಗೆ ನಿಜವಾಗಿ ಭಯ ಹುಟ್ಟಿಸುತ್ತದೆ.

"ಕುಡಿಯೋ ನೀರೇ ತಾನೇ, ಮೂಗಿಗೆ ಹಾಕಿದರೆ ಏನಾಗುತ್ತೆ?" ಎಂದು ಎಲ್ಲರೂ ಕೇಳುತ್ತಾರೆ. ಹೊಟ್ಟೆಯಲ್ಲಿ ಆಮ್ಲ ಇದೆ. ನೀರಿನ ಜೊತೆ ಹೋದ ಎಷ್ಟೋ ಜೀವಿಗಳನ್ನು ಅದು ಅಲ್ಲೇ ಮುಗಿಸುತ್ತದೆ. ಮೂಗಿನಲ್ಲಿ ಆ ಕಾವಲು ಇಲ್ಲ. ಮೂಗಿನ ಮೇಲ್ಭಾಗಕ್ಕೂ ಮೆದುಳಿಗೂ ನಡುವೆ ಇರುವುದು ಸಣ್ಣ ಸಣ್ಣ ತೂತುಗಳಿರುವ ಒಂದು ತೆಳು ಮೂಳೆ. ವಾಸನೆಯ ನರಗಳು ಆ ತೂತುಗಳ ಮೂಲಕವೇ ಮೆದುಳಿಗೆ ಹೋಗುತ್ತವೆ. ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಹಿಡಿಯುವ ದಾರಿಯೂ ಅದೇ. ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುವ ಈ ಅಮೀಬಾ ಕುಡಿದರೆ ಕಾಯಿಲೆ ತರುವುದಿಲ್ಲ. ಮೂಗಿಗೆ ಹೋದರೆ ಮೆದುಳಿನ ಸೋಂಕು ತರಬಲ್ಲದು. ಸೋಂಕು ತಗುಲಿದವರಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಮಂದಿ ಉಳಿಯುವುದಿಲ್ಲ.

ಇದು ಬಹಳ ಅಪರೂಪದ ಕಾಯಿಲೆ. ಅದನ್ನೂ ಹೇಳಲೇಬೇಕು. ಆದರೆ ಅಪರೂಪ ಎಂದು ಬಿಟ್ಟುಬಿಡುವ ಹಾಗಿಲ್ಲ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಬೇರೆ ಬೇರೆ ಊರಿನ ಇಬ್ಬರು ಇದರಿಂದ ಸತ್ತರು. ಇಬ್ಬರೂ ನೇತಿ ಪಾತ್ರೆಯಲ್ಲಿ ನಲ್ಲಿ ನೀರು ಹಾಕಿಕೊಂಡು ಮೂಗು ತೊಳೆಯುತ್ತಿದ್ದವರು. ತನಿಖೆ ಮಾಡಿದಾಗ ಅಮೀಬಾ ಸಿಕ್ಕಿದ್ದು ಅವರ ಮನೆಯೊಳಗಿನ ಕೊಳಾಯಿ ನೀರಿನಲ್ಲಿ. 2018ರಲ್ಲಿ ಸಿಯಾಟಲ್‌ನ ವೈದ್ಯರು ವರದಿ ಮಾಡಿದ್ದು 69 ವರ್ಷದ ಮಹಿಳೆಯೊಬ್ಬರ ಸಾವು. ಅವರು ಬಳಸುತ್ತಿದ್ದದ್ದು ಮನೆಯಲ್ಲಿ ಫಿಲ್ಟರ್ ಮಾಡಿದ ನಲ್ಲಿ ನೀರು. ಅವರ ಮೆದುಳಿನಲ್ಲಿ ಸಿಕ್ಕಿದ್ದು ಬಾಲಮುಥಿಯಾ ಎಂಬ ಬೇರೆ ಅಮೀಬಾ, ಮತ್ತು ಸೋಂಕು ಆ ನೀರಿನಿಂದಲೇ ಬಂದಿರಬೇಕು ಎಂಬುದು ವೈದ್ಯರ ಅನುಮಾನ.

ದೂರದ ಮಾತು ಅನ್ನಿಸಿದರೆ ಪಕ್ಕದ ಕೇರಳ ನೋಡಿ. 2024ರಿಂದ ಅಲ್ಲಿ ಅಮೀಬಾದ ಮೆದುಳು ಸೋಂಕಿನ ಪ್ರಕರಣಗಳು ಒಂದರ ಹಿಂದೆ ಒಂದು ಬಂದವು. ಅವು ಜಲನೇತಿಯಿಂದ ಬಂದವು ಎಂದು ನಾನು ಹೇಳುತ್ತಿಲ್ಲ. ಕೆರೆ, ಬಾವಿ, ಸ್ನಾನದ ನೀರಿನ ಮಾತೇ ಅಲ್ಲಿ ಹೆಚ್ಚು. ಶಬರಿಮಲೆಗೆ ಹೋಗುವವರು ಸ್ನಾನ ಮಾಡುವಾಗ ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಿ ಎಂದು 2025ರ ನವೆಂಬರ್‌ನಲ್ಲಿ ನಮ್ಮ ಕರ್ನಾಟಕದ ಆರೋಗ್ಯ ಇಲಾಖೆಯೇ ಸೂಚನೆ ಕೊಟ್ಟಿತು. ಅಕಸ್ಮಾತ್ ಮೂಗಿಗೆ ಹೋಗುವ ನೀರಿಗೇ ಇಷ್ಟು ಎಚ್ಚರಿಕೆ ಬೇಕಾದರೆ, ನಾವೇ ಕೈಯಾರೆ ದಿನಾ ಮೂಗಿಗೆ ಹಾಕಿಕೊಳ್ಳುವ ನೀರಿಗೆ ಎಷ್ಟು ಬೇಕು?

ಈಗ ನಮ್ಮ ಮನೆಗಳ ಕಥೆ. ಕಾವೇರಿ ನೀರು ಶುದ್ಧೀಕರಣ ಆಗಿ, ಕ್ಲೋರಿನ್ ಸೇರಿಸಿಕೊಂಡೇ ಬರುತ್ತದೆ. ಆದರೆ ಅದು ನೇರ ನಮ್ಮ ನಲ್ಲಿಗೆ ಬರುವುದಿಲ್ಲ. ಮೊದಲು ಸಂಪು, ಆಮೇಲೆ ಮಹಡಿ ಮೇಲಿನ ಟ್ಯಾಂಕ್. ಬಿಸಿಲಲ್ಲಿ ಕಾಯುವ ಆ ಟ್ಯಾಂಕ್ ಕೊನೆಯ ಸಲ ತೊಳೆದದ್ದು ಯಾವಾಗ ಎಂದು ಎಷ್ಟು ಮನೆಯವರಿಗೆ ಗೊತ್ತು? ನಿಂತ ನೀರಿನಲ್ಲಿ ಕ್ಲೋರಿನ್ ಇಳಿಯುತ್ತಾ ಹೋಗುತ್ತದೆ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿಗೆ ಎಷ್ಟೋ ಕಡೆ ಕ್ಲೋರಿನ್ನೇ ಹಾಕಿರುವುದಿಲ್ಲ. ಗೀಸರ್, ಸೋಲಾರ್ ನೀರು ಹೇಗೂ ಬೆಚ್ಚಗಿದೆ ಎಂದು ಅದನ್ನೇ ಹಿಡಿದುಕೊಳ್ಳುವವರಿದ್ದಾರೆ. ನೆಗ್ಲೇರಿಯಾ 46 ಡಿಗ್ರಿ ಸೆಲ್ಸಿಯಸ್‌ವರೆಗೂ ಬೆಳೆಯಬಲ್ಲದು. ಮೋಡ ಕವಿದ ದಿನ ಸೋಲಾರ್ ನೀರಿನ ಬಿಸಿ ಎಷ್ಟಿರುತ್ತೆ ಯೋಚಿಸಿ.

ಆರ್‌ಓ ಮಷಿನ್ ಇದೆಯಲ್ಲ ಎನ್ನುತ್ತಾರೆ. ಒಳಗಿನ ಪೊರೆ ಚೆನ್ನಾಗಿರಬಹುದು. ಆದರೆ ಸೋಸಿದ ನೀರು ನಿಲ್ಲುವ ಪುಟ್ಟ ಟ್ಯಾಂಕ್, ಅದರ ನಲ್ಲಿಯ ಬಾಯಿ ನೋಡಿದ್ದೀರಾ? ಇಪ್ಪತ್ತು ಲೀಟರಿನ ಕ್ಯಾನ್ ನೀರಿಗೂ ಇದೇ ಮಾತು. ಕುಡಿಯಿರಿ, ತೊಂದರೆ ಇಲ್ಲ. ಮೂಗಿಗಾದರೆ ಅದನ್ನೂ ಕುದಿಸಿ. ಇನ್ನೊಂದು ವಿಷಯ ಕೇಳಿ ಗಾಬರಿಯಾಗಿತ್ತು: ಡಿಸ್ಟಿಲ್ಡ್ ವಾಟರ್ ಒಳ್ಳೆಯದು ಎಂದು ಎಲ್ಲೋ ಓದಿ, ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರಿನ ಕ್ಯಾನ್ ತಂದವರೊಬ್ಬರು! ಅದು ಬ್ಯಾಟರಿಗೆಂದೇ ಮಾಡಿದ ನೀರು. ದಯವಿಟ್ಟು ಅದನ್ನು ಮೂಗಿನ ಹತ್ತಿರ ತರಬೇಡಿ.

ಕುದಿಸುವುದು ಎಂದರೆ ಬಿಸಿ ಮಾಡುವುದಲ್ಲ. ತಳದಲ್ಲಿ ಗುಳ್ಳೆ ಕಂಡ ಕೂಡಲೇ ಇಳಿಸುವುದೂ ಅಲ್ಲ. ಕೊತಕೊತ ಕುದಿ ಬಂದ ಮೇಲೆ ಕನಿಷ್ಠ 1 ನಿಮಿಷ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 3ರಿಂದ 5 ನಿಮಿಷ ಎನ್ನುತ್ತದೆ. ನಾನು 5 ನಿಮಿಷ ಕುದಿಸುತ್ತೇನೆ. ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿ 1 ನಿಮಿಷ ಸಾಲದು, 3 ನಿಮಿಷ ಬೇಕು. ಕರ್ನಾಟಕದಲ್ಲಿ ಆ ಚಿಂತೆ ಇಲ್ಲ, ಮುಳ್ಳಯ್ಯನಗಿರಿಯ ತುದಿಯೇ ಅಷ್ಟು ಎತ್ತರ ಇಲ್ಲ. ಊಟಿಗೆ ಹೋದಾಗ ಮಾತ್ರ ನೆನಪಿರಲಿ.

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ನೀರು ಕುದಿಸುತ್ತಾರೆ. ಅದು ಸುಡುತ್ತಿರುತ್ತದೆ. ಆಫೀಸಿಗೆ ಹೊತ್ತಾಯಿತು. ಸ್ನಾನದ ನೀರು ಹದ ಮಾಡಿಕೊಳ್ಳುವ ಅಭ್ಯಾಸ ನಮ್ಮ ಕೈಗೆ ಅಂಟಿಬಿಟ್ಟಿದೆ ಅಲ್ವಾ, ಅದೇ ಕೈ ಇಲ್ಲೂ ನಲ್ಲಿ ತಿರುಗಿಸಿ ಒಂದಿಷ್ಟು ತಣ್ಣೀರು ಬೆರೆಸುತ್ತದೆ. ಅಲ್ಲಿಗೆ ಕುದಿಸಿದ್ದು ದಂಡ. ಬೆರೆಸುವ ನೀರೂ ಕುದಿಸಿ ಆರಿಸಿದ್ದೇ ಆಗಿರಬೇಕು. ಹಿಂದಿನ ರಾತ್ರಿಯೇ ಕುದಿಸಿ, ಮುಚ್ಚಳ ಹಾಕಿ ಇಟ್ಟರೆ ಬೆಳಿಗ್ಗೆ ಸ್ವಲ್ಪ ಬಿಸಿ ಮಾಡಿಕೊಂಡರೆ ಸಾಕು. 24 ಗಂಟೆ ದಾಟಿದ ನೀರು ಗಿಡಕ್ಕೆ ಹೋಗಲಿ.

ಉಪ್ಪಿನ ಲೆಕ್ಕ 1 ಲೀಟರಿಗೆ 9 ಗ್ರಾಂ. ಕಾಲು ಲೀಟರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ. ಉಪ್ಪು ಮೂಗು ಉರಿಯದಿರಲಿ ಎಂದು. ಉಪ್ಪು ಹಾಕಿದೆ, ಇನ್ನು ಕುದಿಸುವುದೇಕೆ ಎಂದುಕೊಳ್ಳಬೇಡಿ. ಚಮಚ ಒಣಗಿರಲಿ.

ಇನ್ನು ಪಾತ್ರೆ. ಹಸುಗೂಸಿನ ಹಾಲಿನ ಬಾಟಲಿಯನ್ನು ನಾವು ಎಷ್ಟು ಜೋಪಾನ ಮಾಡುತ್ತೇವೋ ಇದನ್ನೂ ಅಷ್ಟೇ ಜೋಪಾನ ಮಾಡಬೇಕು. ತಾಮ್ರದ ನೇತಿ ಪಾತ್ರೆ ನೋಡಲು ಚೆಂದ. ಆದರೆ ಉಪ್ಪುನೀರು ನಿಂತರೆ ಕಿಲುಬು ಹಿಡಿಯುತ್ತದೆ. ಹುಣಸೆಹಣ್ಣಿನಲ್ಲಿ ಹೊರಗೆಲ್ಲ ತಿಕ್ಕಿ ಫಳಫಳ ಮಾಡಬಹುದು. ಮೂತಿಯೊಳಗೆ ಬೆರಳು ಹೋಗುವುದಿಲ್ಲ, ಕೊಳೆ ಕೂರುವುದು ಅಲ್ಲೇ. ತಾಮ್ರಕ್ಕೆ ಕ್ರಿಮಿ ಕೊಲ್ಲುವ ಗುಣ ಇದೆ, ನಿಜ. ಆದರೆ ಅದು ನಿಧಾನ. ನೀರು ಹಾಕಿ ಮರುಕ್ಷಣ ಮೂಗಿಗೆ ಬಿಡುವಾಗ ಆ ಗುಣವನ್ನು ನಂಬಿ ಕೂರಲಾಗದು. ನನ್ನ ಕೇಳಿದರೆ ಸ್ಟೀಲಿನದು ತೆಗೆದುಕೊಳ್ಳಿ. ಪಾತ್ರೆಯನ್ನೇ ನೀರಲ್ಲಿ ಮುಳುಗಿಸಿ ಕುದಿಸಬಹುದು.

ಪ್ಲಾಸ್ಟಿಕ್ ಬಾಟಲಿಯಾದರೆ ಒಳಗಿನ ಕೊಳವೆ, ಮುಚ್ಚಳ ಎಲ್ಲ ಬಿಡಿಸಿ ತೊಳೆಯಬೇಕು. ಸೋಪು ಹಾಕಿ ತೊಳೆದು, ಕೊನೆಗೆ ಜಾಲಿಸುವುದು ಮಾತ್ರ ಕುದಿಸಿ ಆರಿಸಿದ ನೀರಲ್ಲಿ. ಕುದಿಯುವ ನೀರಿಗೆ ಹಾಕಬಹುದೋ, ಮೈಕ್ರೋವೇವ್‌ನಲ್ಲಿ ಇಡಬಹುದೋ ಎನ್ನುವುದು ಡಬ್ಬಿಯ ಮೇಲೆ ಬರೆದಿರುತ್ತದೆ. ಆಮೇಲೆ ಬಾಯಿ ತೆರೆದು ಪೂರ್ತಿ ಒಣಗಲು ಬಿಡಿ. ಒದ್ದೆ ಬಾಟಲಿಗೆ ಮುಚ್ಚಳ ಬಿಗಿದು ಬಾತ್‌ರೂಮಿನ ಕಿಟಕಿಯಲ್ಲಿ ಇಟ್ಟರೆ ಒಳಗೆ ಲೋಳೆ ಕಟ್ಟುತ್ತದೆ. ಸೈನಸ್ ಆಪರೇಷನ್ ಆದವರ ಬಾಟಲಿಗಳನ್ನು ಪರೀಕ್ಷಿಸಿದಾಗ ಸ್ಯೂಡೊಮೊನಾಸ್, ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಸಿಕ್ಕಿವೆ. ವಾಸಿಯಾಗಲಿ ಎಂದು ತೊಳೆಯುವ ನೀರಿನಲ್ಲೇ ಸೋಂಕಿನ ಬೀಜ ಇದ್ದರೆ ಹೇಗೆ? ಬಾಟಲಿಯನ್ನು 3 ತಿಂಗಳಿಗೊಮ್ಮೆ ಬದಲಿಸಿ. ಗಂಡ ಹೆಂಡತಿ ಆದರೂ ಒಂದೇ ಪಾತ್ರೆ ಬೇಡ.

ಮಧುಮೇಹ ಹಿಡಿತದಲ್ಲಿಲ್ಲದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಅಂಗ ಕಸಿ ಆದವರು ಡಾಕ್ಟರನ್ನು ಕೇಳದೆ ಶುರು ಮಾಡಲೇಬೇಡಿ. ಮೂಗಿಗೆ ನೀರು ಹೋದ ಮುಂದಿನ ದಿನಗಳಲ್ಲಿ ಜ್ವರ, ಜೋರು ತಲೆನೋವು, ವಾಂತಿ, ಕತ್ತು ಬಿಗಿತ ಒಟ್ಟಿಗೆ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, "ನಾನು ಜಲನೇತಿ ಮಾಡುತ್ತೇನೆ" ಎಂದು ನೀವೇ ಬಾಯಿಬಿಟ್ಟು ಹೇಳಿ. ಅವರು ಕೇಳುವವರೆಗೂ ಕಾಯಬೇಡಿ. 2024ರಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ 14 ವರ್ಷದ ಹುಡುಗ ಈ ಅಮೀಬಾ ಸೋಂಕಿನಿಂದ ಬದುಕಿ ಬಂದದ್ದರಲ್ಲಿ ಕಾಯಿಲೆ ಬೇಗ ಗೊತ್ತಾದದ್ದರ ಪಾಲು ದೊಡ್ಡದು.

ನನಗೆ ತುಂಬಾ ಸಿಟ್ಟು ಬರುವುದು ಶಿಬಿರಗಳ ಮೇಲೆ. ನಾನು ಹೋಗಿದ್ದ ಒಂದು ಕಡೆ ದೊಡ್ಡ ಬಕೆಟ್‌ನಲ್ಲಿ ನಲ್ಲಿ ನೀರು, ಅದಕ್ಕೆ ಒಂದು ಹಿಡಿ ಉಪ್ಪು. ಒಬ್ಬರು ಬಳಸಿದ ಪಾತ್ರೆಯನ್ನು ಅದೇ ಬಕೆಟ್‌ಗೆ ಅದ್ದಿ ಮುಂದಿನವರಿಗೆ ಕೊಡುತ್ತಿದ್ದರು. ಸಾಲಿನಲ್ಲಿ ಅಜ್ಜಂದಿರೂ ಇದ್ದರು, ಮಕ್ಕಳೂ ಇದ್ದರು. ಕೇಳಿದ್ದಕ್ಕೆ "ಏನೂ ಆಗಲ್ಲ ಮೇಡಂ, ಎಷ್ಟು ವರ್ಷದಿಂದ ಮಾಡಿಸ್ತಿದ್ದೀವಿ" ಎಂದರು. ನೇತಿಯೂ ಸೇರಿದ ಯೋಗದ ಆರು ಕ್ರಿಯೆಗಳಾದ ಷಟ್ಕರ್ಮಗಳನ್ನು ಶುದ್ಧಿಕ್ರಿಯೆ ಎಂದೇ ಕಲಿಸುವವರು ಶುದ್ಧಿಯ ವಿಷಯದಲ್ಲೇ ಹೀಗೆ ಮಾಡಬಾರದು. ಶಿಬಿರ ನಡೆಸುವವರೇ, ಹಿಂದಿನ ದಿನವೇ ನೀರು ಕುದಿಸಿಡಿ. ತಲೆಗೊಂದು ಪಾತ್ರೆ ಕೊಡಿ, ಇಲ್ಲವೇ ಮನೆಯಿಂದಲೇ ತರಲು ಹೇಳಿ. ಎರಡೂ ಆಗದಿದ್ದರೆ ಅಂದು ತಲೆ ಹೇಗೆ ಬಾಗಿಸಬೇಕು, ಬಾಯಲ್ಲಿ ಹೇಗೆ ಉಸಿರಾಡಬೇಕು ಎಂದಷ್ಟೇ ತೋರಿಸಿ. ನೀರು ಬಿಡುವುದನ್ನು ಅವರು ಮನೆಯಲ್ಲಿ, ತಾವೇ ಕುದಿಸಿಕೊಂಡ ನೀರಿನಲ್ಲಿ ಮಾಡಿಕೊಳ್ಳಲಿ.