ದುಡ್ಡು ಆಗ್ತದೆ, ಆಳು ಬೇಕು

ವರ್ಗವಾಗಿ ಕಾಸರಗೋಡಿಗೆ ಬಂದ ಮೊದಲ ವರ್ಷ. ಒಂದು ಭಾನುವಾರ ಬೆಳಿಗ್ಗೆ ನಾಲ್ಕು ಜನ ರಶೀದಿ ಪುಸ್ತಕ ಹಿಡಿದುಕೊಂಡು ಬಾಡಿಗೆ ಮನೆಗೆ ಬಂದರು. ಹತ್ತಿರದ ಭಗವತಿ ಕಾವಿನಲ್ಲಿ ಕಳಿಯಾಟ, ಅಂದರೆ ತೆಯ್ಯಂ ಕುಣಿಯುವ ಉತ್ಸವ ಇತ್ತು. ನಾನು ಐನೂರು ರೂಪಾಯಿ ಕೊಟ್ಟೆ. ರಶೀದಿ ಹರಿದು ಕೊಟ್ಟ ಹಿರಿಯರು, "ದುಡ್ಡು ಹೇಗೂ ಆಗ್ತದೆ ಸಾರ್, ಆಳು ಬೇಕು. ಶನಿವಾರ ಬನ್ನಿ" ಅಂದರು. ಯಾವ ಊರು ಎಂದು ಕೇಳಿದರು. ತಿಪಟೂರು ಎಂದೆ. "ಹಾಗಾದ್ರೆ ಕಾಯಿ ಸುಲಿಯಲಿಕ್ಕೆ ಬರ್ತದಲ್ಲ ಮಾರಾಯ್ರೆ!"

ಹೋದೆ. ಅಂಗಳದಲ್ಲಿ ಕಾಯಿಯ ರಾಶಿ. ಬಾಳೆಗೊನೆ, ಕುಂಬಳ, ಸೌತೆ, ಅಕ್ಕಿ ಮೂಟೆ ತುಂಬಿಕೊಂಡು ಒಂದರ ಹಿಂದೆ ಒಂದು ರಿಕ್ಷಾ, ಪಿಕಪ್ ಬರುತ್ತಿದ್ದವು. ಇದನ್ನು ಇಲ್ಲಿಯ ಕನ್ನಡದವರು ಹೊರೆಕಾಣಿಕೆ ಅನ್ನುತ್ತಾರೆ. ಮಲಯಾಳದಲ್ಲಿ 'ಕಲವರ ನಿರಯ್ಕಲ್', ಅಂದರೆ ಉಗ್ರಾಣ ತುಂಬಿಸುವುದು. ನನ್ನ ಪಕ್ಕದಲ್ಲಿ ಕಾಯಿ ಸುಲಿಯುತ್ತಿದ್ದವರಲ್ಲಿ ಒಬ್ಬರು ತಳಂಗರೆ ಕಡೆಯ ಮುಸ್ಲಿಂ ಹಿರಿಯರು. ಅವರು ಸೌತೆಕಾಯಿ ತಂದು ಇಳಿಸಿ, ಹಾಗೇ ಕೂತುಬಿಟ್ಟಿದ್ದರು. ಸಂಜೆ ಹೊತ್ತಿಗೆ ನನಗೆ ಆ ಊರಿನ ಇಪ್ಪತ್ತು ಜನ ಗೊತ್ತಾಗಿದ್ದರು. ಆಫೀಸಿಗೆ ಹೋಗಿ ಬಂದುಕೊಂಡಿದ್ದರೆ ಅಷ್ಟು ಜನ ಗೊತ್ತಾಗಲು ಎರಡು ವರ್ಷ ಬೇಕಾಗುತ್ತಿತ್ತೋ ಏನೋ.

ಅಂದಿನಿಂದ ಹದಿನಾಲ್ಕು ವರ್ಷ ಆಯಿತು. ನಾನು ಹೊರನಾಡ ಕನ್ನಡಿಗ, ಸರಿ. ಇಲ್ಲಿಯ ಕನ್ನಡಿಗರನ್ನು ಹಾಗೆ ಕರೆದರೆ ಅವರಿಗೆ ನೋವಾಗುತ್ತದೆ, ಆಗಬೇಕಾದ್ದೇ. ಅವರು ಇದ್ದ ಮನೆಯಲ್ಲೇ ಇದ್ದಾರೆ. 1956ರ ನವೆಂಬರ್ 1ಕ್ಕೆ ಅವರ ತಾಲ್ಲೂಕು ಕೇರಳಕ್ಕೆ ಸೇರಿತು, ಅಷ್ಟೇ. ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲ ಒಂದೇ ಬಸ್ಸಿನಲ್ಲಿ ಕೇಳುವ ಊರು ಇದು.

ನಮ್ಮ ಸೀಮೆಯಲ್ಲೂ ಕಲೆಗೆ ಬರವಿಲ್ಲ. ಗುಬ್ಬಿ ವೀರಣ್ಣನವರ ಜಿಲ್ಲೆ ನಮ್ಮದು. ಹಳ್ಳಿಗಳಲ್ಲಿ ಇವತ್ತಿಗೂ ಕುರುಕ್ಷೇತ್ರ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕೂತು ಕಲಿಸುತ್ತಾರೆ. ಸೀನರಿ, ಡ್ರೆಸ್ಸು, ಲೈಟು ಎಲ್ಲ ಬಾಡಿಗೆ. ಆ ಖರ್ಚನ್ನು ಪಾರ್ಟು ಮಾಡುವವರೇ ಹಾಕಬೇಕು. ಕೃಷ್ಣ, ದುರ್ಯೋಧನ, ಭೀಮನಿಗೆ ಜಾಸ್ತಿ, ಸಣ್ಣ ಪಾರ್ಟಿಗೆ ಕಡಿಮೆ. ನಮ್ಮ ಚಿಕ್ಕಪ್ಪ ಒಂದು ವರ್ಷ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಭೀಮನಾದರು. ಚಿಕ್ಕಮ್ಮ ಒಂದು ವಾರ ಅವರ ಜೊತೆ ಮಾತಾಡಲಿಲ್ಲ. ನಾಟಕದ ರಾತ್ರಿ ಮಾತ್ರ ಮುಂದಿನ ಸಾಲಿನಲ್ಲೇ ಕೂತಿದ್ದರು.

ಇಲ್ಲಿ ಲೆಕ್ಕವೇ ಬೇರೆ. ಯಕ್ಷಗಾನದ ಮೇಳಕ್ಕೆ ಹರಕೆ ಹೊತ್ತ ಮನೆಯವರು ದುಡ್ಡು ಕಟ್ಟುತ್ತಾರೆ. ಆಟ ನೋಡಲು ಇಡೀ ಊರಿಗೆ ಬಿಟ್ಟಿ, ಮೇಲೆ ಊಟ. ದುಡ್ಡು ಕೊಟ್ಟವರು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಪೂಜೆಗೆ ಕೈಮುಗಿದು ನಿಂತು, ಪ್ರಸಾದ ತೆಗೆದುಕೊಂಡು, ಬಡಿಸಲು ಓಡುತ್ತಾರೆ. ನಮ್ಮಲ್ಲಿ ಆಡುವ ಆಸೆಗೆ ದುಡ್ಡು ಹಾಕುತ್ತಾರೆ, ಇಲ್ಲಿ ಊರು ನೋಡಲಿ ಎಂದು ಹಾಕುತ್ತಾರೆ. ನನಗೆ ಎರಡೂ ದೊಡ್ಡದೇ. ಆದರೆ ನಮ್ಮ ಕಡೆಯ ಪಟ್ಟಣಗಳಲ್ಲಿ ಈಗ ಎರಡೂ ಕಾಣುವುದಿಲ್ಲ. ಗಣಪತಿಗೂ ರಾಜ್ಯೋತ್ಸವಕ್ಕೂ ಆರ್ಕೆಸ್ಟ್ರಾ ಕರೆಸುತ್ತೇವೆ, ಕುರ್ಚಿ ಹಾಕಿಸುತ್ತೇವೆ, ನೋಡಿ ಮನೆಗೆ ಹೋಗುತ್ತೇವೆ. ಊರಿನ ಒಂದು ಕೈಗೂ ಅಲ್ಲಿ ಕೆಲಸವಿಲ್ಲ. ನನಗೆ ಬೇಸರ ಇರುವುದು ಇದಕ್ಕೇ.

ಆಟಕ್ಕೆ ಹೋದಾಗ ನಾನು ಮೊದಲು ಚೌಕಿಗೆ ಹೋಗುತ್ತೇನೆ. ರಾಕ್ಷಸ ಪಾತ್ರದ ಬಣ್ಣದ ವೇಷದವರು ಕನ್ನಡಿ ಹಿಡಿದು ಕೂತು, ಅಕ್ಕಿಹಿಟ್ಟು ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ಎತ್ತಿ ಮುಖಕ್ಕೆ ಚುಟ್ಟಿ ಇಡುತ್ತಾರೆ. ಒಂದೊಂದೇ ಚುಕ್ಕಿ. ಒಂದರ ಮೇಲೆ ಇನ್ನೊಂದು. ನೋಡನೋಡುತ್ತ ಮುಖದ ಮೇಲೆ ಮುಳ್ಳು ಎದ್ದು ನಿಲ್ಲುತ್ತವೆ. ಆ ಹೊತ್ತಿನಲ್ಲಿ ಅವರು ನಗುವಂತಿಲ್ಲ, ಮಾತಾಡುವಂತಿಲ್ಲ, ನಕ್ಕರೆ ಬಿರುಕು. ಸುತ್ತ ಊರಿನ ಮಕ್ಕಳು ಉಸಿರು ಬಿಗಿ ಹಿಡಿದು ನಿಂತಿರುತ್ತವೆ. ಯಾರೂ ಓಡಿಸುವುದಿಲ್ಲ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು ಕುಂಬಳೆ ಇಲ್ಲಿಗೆ ಹತ್ತಿರದಲ್ಲೇ ಇದೆ. ಮಕ್ಕಳು ಹೀಗೆ ನಿಂತು ನೋಡಿದ್ದರಿಂದಲೇ ಆಟ ಇಲ್ಲಿಯವರೆಗೆ ಬಂದಿದೆ ಎಂದು ನನ್ನ ನಂಬಿಕೆ.

ಯಕ್ಷಗಾನದ್ದೇ ಇನ್ನೊಂದು ರೂಪ ತಾಳಮದ್ದಳೆ. ಅದಕ್ಕೆ ವೇಷವೂ ಇಲ್ಲ. ಭಾಗವತರು, ಮದ್ದಳೆ, ಎದುರುಬದುರು ಕೂತು ಪಾತ್ರದ ಮಾತಾಡುವ ಅರ್ಥಧಾರಿಗಳು. ಪಂಚೆ ಉಟ್ಟು ಶಾಲು ಹೊದ್ದ ಒಬ್ಬರು ರಾಮ, ಇನ್ನೊಬ್ಬರು ವಾಲಿ. ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟಬೇಕು. ಕಂದಪದ್ಯ ಕಿರುಚಿ ಹಾಡಿದರೆ ಶಿಳ್ಳೆ ಬೀಳುವ ನಾಟಕ ನೋಡಿ ಬೆಳೆದ ನನಗೆ ಮೊದಲು ಇದರ ರುಚಿ ಹತ್ತಲಿಲ್ಲ. ಮೂರನೇ ಕೂಟದಲ್ಲಿ, 'ಮರೆಯಲ್ಲಿ ನಿಂತು ಹೊಡೆದೆಯಲ್ಲ, ಯಾಕೆ' ಎಂದು ವಾಲಿ ಕೇಳಿದಾಗ, ರಾಮ ಏನು ಹೇಳುತ್ತಾನೋ ಎಂದು ನಿಜಕ್ಕೂ ಹೆದರಿಕೆ ಆಯಿತು. ಅವತ್ತಿನಿಂದ ಬಿಟ್ಟಿಲ್ಲ. ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಈ ನೆಲದವರು. 2006ರಲ್ಲಿ ತೀರಿಕೊಂಡರು. ಅವರ ಮಾತು ಕೇಳಿದ ಹಿರಿಯರು ಈಗಲೂ ಕೂಟ ಮುಗಿದ ಮೇಲೆ ಚಾ ಕುಡಿಯುತ್ತ, 'ಶೇಣಿಯವರಾದರೆ ಇಲ್ಲಿ ಏನು ಹೇಳ್ತಿದ್ರು ಗೊತ್ತುಂಟಾ' ಎಂದು ಶುರು ಮಾಡುತ್ತಾರೆ.

ಇನ್ನು ಶಾಲೆಯ ವಿಷಯ. ನನ್ನ ತಂಗಿ ತಿಪಟೂರು ಕಡೆ ಟೀಚರು. ಅಲ್ಲಿಯ ಪ್ರತಿಭಾ ಕಾರಂಜಿ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುತ್ತದೆ, ನೋಡಲು ಮಕ್ಕಳ ಮನೆಯವರೂ ಬರುವುದಿಲ್ಲ ಎಂದು ಅವಳು ಕೊರಗುತ್ತಾಳೆ. ಕೇರಳದ ಶಾಲಾ ಕಲೋತ್ಸವ 1957ರಿಂದ ನಡೆಯುತ್ತಿದೆ. ರಾಜ್ಯ ಮಟ್ಟದ್ದಾದರೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬರುತ್ತದೆ. ಗೆದ್ದ ಜಿಲ್ಲೆಗೆ 117 ಪವನಿಗೂ (ಸವರನ್) ಜಾಸ್ತಿ ತೂಕದ ಚಿನ್ನದ ಕಪ್ಪು. ಮಾಪಿಳ್ಳೆ ಮುಸ್ಲಿಮರ ಕಲೆಗಳಾದ ಒಪ್ಪನ, ದಫ್‌ಮುಟ್ಟು, ಕೋಲ್ಕಳಿಯ ಜೊತೆಗೆ ಯಕ್ಷಗಾನವೂ ಅಲ್ಲಿ ಒಂದು ಸ್ಪರ್ಧೆ. ಕನ್ನಡ ಪದ್ಯ ಹೇಳುವ ಸ್ಪರ್ಧೆಯೂ ಇದೆ.

2019ರಲ್ಲಿ ಅದು ನಮ್ಮ ಕಾಸರಗೋಡು ಜಿಲ್ಲೆಯ ಕಾಞ್ಞಂಗಾಡಿನಲ್ಲಿ ನಡೆಯಿತು. ರಜೆ ಹಾಕಿ ರೈಲು ಹತ್ತಿದೆ. ಯಕ್ಷಗಾನ ಮುಗಿಸಿ ಬಂದ ಒಬ್ಬ ಹುಡುಗಿ ಕಿರೀಟ ಬಿಚ್ಚಿಸಿಕೊಳ್ಳುತ್ತಿದ್ದಳು. ಚೆನ್ನಾಗಿ ಮಾತಾಡಿದೆ ಮಗಳೇ, ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಕೇರಳದ ತೆಂಕಣ ಜಿಲ್ಲೆಯವಳು, ಕನ್ನಡ ಬಾರದು. ಪಕ್ಕದಲ್ಲಿದ್ದ ಅವಳ ಅಮ್ಮ ನಗುತ್ತ ಒಂದು ನೋಟ್‌ಬುಕ್ ತೋರಿಸಿದರು. ಅಷ್ಟೂ ಕನ್ನಡ ಮಾತು ಮಲಯಾಳ ಅಕ್ಷರದಲ್ಲಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲೆಲ್ಲ ಕೆಂಪು ಪೆನ್ನಿನ ಗೆರೆ. ಆ ನೋಟ್‌ಬುಕ್ ನನ್ನ ಮನಸ್ಸಿನಿಂದ ಹೋಗಿಲ್ಲ.

ಹೀಗಾಗಿ ಇಲ್ಲಿಯ ನನ್ನ ಕನ್ನಡದ ಬಂಧುಗಳಿಗೆ ಒಂದು ಮಾತು ಹೇಳಲೇಬೇಕು, ತಪ್ಪು ತಿಳಿಯಬೇಡಿ. ಕಳಿಯಾಟಕ್ಕೆ, ಉರೂಸಿಗೆ, ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಊರಿನ ಹುಡುಗರು ರಾತ್ರಿಯಿಡೀ ಕೆಲಸ ಮಾಡುತ್ತಾರೆ. ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬಂದರೆ ಸಭೆಯಲ್ಲಿ ಎಲ್ಲ ನರೆತ ತಲೆಗಳು. ಉದ್ಘಾಟನೆ, ಸ್ವಾಗತ, ಆರು ಭಾಷಣ, ಎಂಟು ಸನ್ಮಾನ. ಕವಿಗಳಾದ ಮಂಜೇಶ್ವರದ ಗೋವಿಂದ ಪೈಗಳನ್ನೂ ನೂರು ವರ್ಷ ತುಂಬಿಸಿ 2015ರಲ್ಲಿ ಅಗಲಿದ ಕಯ್ಯಾರ ಕಿಞ್ಞಣ್ಣ ರೈಗಳನ್ನೂ ನೆನೆಯುತ್ತೇವೆ. ನೆನೆಯಲೇಬೇಕು. ಆದರೆ ಮಕ್ಕಳ ಪದ್ಯ ಕೊನೆಗೆ, ಅದೂ ಐದೇ ನಿಮಿಷ. ಅಷ್ಟರಲ್ಲಿ ಮಕ್ಕಳಿಗೆ ನಿದ್ದೆ. ಮಕ್ಕಳನ್ನು ಮೊದಲು ಹತ್ತಿಸಿದರೆ ಅಪ್ಪ ಅಮ್ಮ, ಅಜ್ಜಿ, ಪಕ್ಕದ ಮನೆಯವರು ಎಲ್ಲ ಬರುತ್ತಾರೆ, ಅಲ್ವಾ? ನೋಟೀಸನ್ನು ಕನ್ನಡದಲ್ಲಿ ಮಾತ್ರ ಅಚ್ಚು ಹಾಕಿಸಿ, 'ಮಲಯಾಳಿಗಳು ಬರುವುದಿಲ್ಲ' ಎಂದು ದೂರುವುದೂ ಸರಿಯಲ್ಲ. ಕಛೇರಿಯಲ್ಲಿ, ಶಾಲೆಯಲ್ಲಿ ಕನ್ನಡಕ್ಕೆ ಆಗುವ ಅನ್ಯಾಯಕ್ಕೆ ಹೋರಾಟ ನಡೆಯಲೇಬೇಕು, ನಾನೂ ಸಹಿ ಹಾಕಿದ್ದೇನೆ. ಅದರ ಜೊತೆಗೆ ಪಕ್ಕದ ಮನೆಯ ಬಾಗಿಲನ್ನೂ ತಟ್ಟಬೇಕು. ನನ್ನ ಬಾಗಿಲನ್ನು ಯಾರೋ ತಟ್ಟಿದ್ದರಿಂದಲೇ ನಾನು ಈ ಊರಿನವನಾದೆ.

ಈ ಸಲ ನಮ್ಮ ಬೀದಿಯ ಕೂಟಕ್ಕೆ ನಾನೇ ರಶೀದಿ ಪುಸ್ತಕ ಹಿಡಿದು ತಿರುಗಿದೆ. ಪ್ರಸಂಗ ವಾಲಿಮೋಕ್ಷ. ಪಕ್ಕದ ಮನೆಯ ಹುಡುಗ ಒಂಬತ್ತನೇ ಕ್ಲಾಸು, ಓದುವುದು ಮಲಯಾಳ ಮೀಡಿಯಂ. ಲಕ್ಷ್ಮಣನ ಅರ್ಥ ಹೇಳುತ್ತೇನೆ ಎಂದು ತಾನಾಗಿ ಬಂದ. ಅವನ ಮಾತನ್ನು ಮಲಯಾಳ ಅಕ್ಷರದಲ್ಲಿ ಬರೆದು, ಉಸಿರಿನ ಜಾಗಕ್ಕೆ ಕೆಂಪು ಗೆರೆ ಹಾಕಿ ಕೊಟ್ಟಿದ್ದೇನೆ. ಸಂಜೆ ಜಗಲಿಯಲ್ಲಿ ಕೂತು ಜೋರಾಗಿ ಓದುತ್ತಿರುತ್ತಾನೆ. 'ಅಗ್ರಜನ ಅಪ್ಪಣೆ' ಬಂದಾಗಲೆಲ್ಲ ನಾಲಿಗೆ ತೊಡರುತ್ತದೆ. ಒಳಗಿನಿಂದ ಅವನ ಅಜ್ಜಿ ಅದನ್ನು ತಿದ್ದಿ ಹೇಳುತ್ತಾರೆ. ಅವರಿಗೆ ಇಷ್ಟು ಕನ್ನಡ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕೂಟ ಮುಂದಿನ ಭಾನುವಾರ, ಮಧ್ಯಾಹ್ನ ಮೂರಕ್ಕೆ. ನೋಟೀಸು ಎರಡೂ ಭಾಷೆಯಲ್ಲಿದೆ.