ನಮ್ಮ ಶಾಸಕರು ‘ಹೌದು’ ಅಂದರೋ ‘ಇಲ್ಲ’ ಅಂದರೋ, ಅಷ್ಟು ಹೇಳಿ

ಮಸೂದೆ ಮಂಡನೆಯಾಯಿತು ಅಂತ ಪೇಪರ್‌ನಲ್ಲಿ ಓದಿ, ಅದರ ಪ್ರತಿ ಎಲ್ಲಿದೆ ಅಂತ ಹುಡುಕಿ, ಸಿಕ್ಕ ಪಿಡಿಎಫ್ ತೆರೆದು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಅದು ಪಾಸಾಗಿರುತ್ತದೆ. ಪ್ರತಿ ಅಧಿವೇಶನದಲ್ಲೂ ಇದೇ ಹಾಡು. ತಡೆದು ತಡೆದು ಸಾಕಾಗಿದೆ, ಇವತ್ತು ಬರೆದೇ ತೀರುತ್ತೇನೆ.

ಕೆರೆ ಮಸೂದೆಯನ್ನೇ ತಗೊಳ್ಳಿ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯಲ್ಲಿ ಕೆರೆಯ ಗಡಿಯಿಂದ 30 ಮೀಟರ್ ಬಫರ್ ಜೋನ್ ಇತ್ತು. ಕೆರೆ ಚಿಕ್ಕದಿರಲಿ, ದೊಡ್ಡದಿರಲಿ, ಅದರೊಳಗೆ ಕಟ್ಟಡ ಏಳುವ ಹಾಗಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಮುಂಗಾರು ಅಧಿವೇಶನಕ್ಕೆ ಇದರ ತಿದ್ದುಪಡಿ ಬಂತು. 30 ಮೀಟರ್ ಇನ್ನು 100 ಎಕರೆಗಿಂತ ದೊಡ್ಡ ಕೆರೆಗಳಿಗೆ ಮಾತ್ರ. 10ರಿಂದ 25 ಎಕರೆಯ ಕೆರೆಗೆ 12 ಮೀಟರ್, ಒಂದರಿಂದ 10 ಎಕರೆಯದ್ದಕ್ಕೆ 6 ಮೀಟರ್, ಎಕರೆಯೊಳಗಿನದಕ್ಕೆ 3. ಐದು ಗುಂಟೆಯೊಳಗಿನ ಕುಂಟೆ, ಗೋಕಟ್ಟೆಗಳಿಗೆ ಏನೂ ಇಲ್ಲ, ಸೊನ್ನೆ. ಅದೇ ಅಧಿವೇಶನದಲ್ಲಿ ಅಂಗೀಕಾರವೂ ಆಯಿತು.

ನಮ್ಮ ಬಡಾವಣೆಯ ಪಕ್ಕದ ಕೆರೆ 10 ಎಕರೆಯೊಳಗಿನದು. 6 ಮೀಟರ್ ಅಂದರೆ ಒಂದು ಲಾರಿ ನಿಲ್ಲಿಸಿದರೆ ಮುಗೀತು. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಮನೆಯಿಂದ ಹೊರಗೆ ಬಂದದ್ದನ್ನು ಇಡೀ ದೇಶ ನೋಡಿದೆ. ಕೆರೆ ತುಂಬಿ ಬಂದ ನೀರು ಎಲ್ಲಿಗೆ ಹೋಗಬೇಕು? ಅದಕ್ಕೆ ಅಂತ ಬಿಟ್ಟಿದ್ದ ಜಾಗವನ್ನೇ ಕತ್ತರಿಸುತ್ತಾರೆ ಅಂದಮೇಲೆ ಅದರ ಪಕ್ಕ ಬದುಕುವ ನಮ್ಮನ್ನು ಒಂದು ಮಾತು ಕೇಳಬೇಡವೇ?

ಕೆರೆಯ ಅಳತೆ ನೋಡಿ ಬಫರ್ ಇಡೋಣ, ರಸ್ತೆ, ಒಳಚರಂಡಿ ಪೈಪಿಗೆ ಜಾಗ ಬೇಕು ಅನ್ನುವುದು ಸರ್ಕಾರದ ವಾದ. ನಾನು ಒಪ್ಪುವುದಿಲ್ಲ, ಆದರೆ ಅದೂ ಒಂದು ವಾದವೇ. ಎದುರು ಕೂತು ಚರ್ಚೆ ಮಾಡೋಣ. ನಮ್ಮ ಕೆರೆಗೆ ನೀರು ಯಾವ ಕಡೆಯಿಂದ ಬರುತ್ತೆ, ರಾಜಕಾಲುವೆ ಎಲ್ಲಿ ಕಟ್ಟಿಕೊಂಡಿದೆ ಅಂತ ಬೆಳಿಗ್ಗೆ ಸಂಜೆ ಕೆರೆ ಸುತ್ತುವ ನಮ್ಮ ಹಿರಿಯರಿಗೆ ಗೊತ್ತು. ಅವರ ಮಾತು ಕೇಳೋಕೆ ಒಂದು ತಿಂಗಳು ಕೊಡಲಾಗದಷ್ಟು ಅವಸರ ಯಾರಿಗಿತ್ತು?

ಇನ್ನು ಆ ಪಿಡಿಎಫ್‌. ತಿದ್ದುಪಡಿ ಮಸೂದೆ ಓದಿದವರಿಗೆ ಗೊತ್ತಿರುತ್ತೆ. ಇಂಥ ಪ್ರಕರಣದ ಇಂಥ ಉಪಪ್ರಕರಣದಲ್ಲಿ ಈ ಪದಗಳ ಬದಲು ಆ ಪದಗಳು ಅಂತ ಬರೆದಿರುತ್ತಾರೆ, ಅಷ್ಟೇ. ಮೂಲ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಏನು ಬದಲಾಯಿತು ಅಂತ ತಿಳಿಯುವುದೇ ಇಲ್ಲ. ಆ ಮೂಲ ಕಾಯ್ದೆಗೆ ಮೊದಲೇ ಬೇರೆ ತಿದ್ದುಪಡಿ ಆಗಿದ್ದರೆ ಅದನ್ನೂ ಹುಡುಕಬೇಕು. ದಿನವಿಡೀ ದುಡಿದು ಬಂದು ರಾತ್ರಿ ಊಟ ಆದಮೇಲೆ ಕೂತು ಇಷ್ಟು ಮಾಡುವವರು ಎಷ್ಟು ಜನ ಇರುತ್ತಾರೆ? ಹಳೆಯದು ಹೀಗಿತ್ತು, ಹೊಸದು ಹೀಗಿದೆ ಅಂತ ಕನ್ನಡದಲ್ಲಿ ಒಂದು ಪುಟ ಬರೆದು ಹಾಕಿದರೆ ಸರ್ಕಾರದ ಗಂಟೇನು ಹೋಗುತ್ತೆ?

ಓದಿ, ಅರ್ಥ ಮಾಡಿಕೊಂಡು, ನಮ್ಮ ಶಾಸಕರ ಕಚೇರಿಗೆ ಫೋನ್ ಮಾಡಿದೆ. ಎತ್ತಿದ್ದು ಪಿ.ಎ.

“ಏನ್ ಕೆಲ್ಸ ಆಗ್ಬೇಕಿತ್ತು ಮೇಡಂ?”

“ಕೆಲಸ ಏನಿಲ್ಲ ಸರ್. ಕೆರೆ ಮಸೂದೆ ಬಗ್ಗೆ ಸಾಹೇಬ್ರ ನಿಲುವೇನು ಅಂತ ತಿಳ್ಕೋಬೇಕಿತ್ತು.”

“ನಿಮ್ ಸೈಟಿಂದು ಏನಾದ್ರೂ ಪ್ರಾಬ್ಲಮ್ಮಾ?”

“ಇಲ್ಲ.”

“ಮತ್ತೆ ಅದೆಲ್ಲ ನಿಮಗ್ಯಾಕೆ ಮೇಡಂ?”

ನನಗ್ಯಾಕೆ ಅಂತೆ! ಶಿಫಾರಸು ಪತ್ರ ಕೇಳಿದ್ದರೆ ಬರೆದುಕೊಡುತ್ತಿದ್ದರು. ಮದುವೆ ಪತ್ರಿಕೆ ಕೊಟ್ಟಿದ್ದರೆ ಡೈರಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಮತದಾರಳೊಬ್ಬಳು ಫೋನ್ ಮಾಡಿ, ಕಾನೂನಿನ ಬಗ್ಗೆ ನಿಮ್ಮ ಅಭಿಪ್ರಾಯವೇನು ಅಂತ ಕೇಳಬಹುದು ಅನ್ನುವುದೇ ಆ ಕಚೇರಿಗೆ ಹೊಳೆದಿಲ್ಲ. ಇಮೇಲ್ ಕಳಿಸಿದೆ, ಉತ್ತರವಿಲ್ಲ. ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಪತ್ರ ಕೊಟ್ಟೆ, ಅದಕ್ಕೂ ಉತ್ತರವಿಲ್ಲ. ಅಲ್ಲಾ ಸ್ವಾಮಿ, ಶಾಸಕ ಅಂತ ಕರೆಯುವುದು ಶಾಸನ ಮಾಡುತ್ತೀರಿ ಅಂತಲೇ ತಾನೇ?

ಅವರು ಉತ್ತರ ಕೊಡಲಿಲ್ಲ, ಹೋಗಲಿ, ಸದನದ ದಾಖಲೆಯಲ್ಲಿ ನೋಡೋಣ ಅಂದರೆ ಅಲ್ಲಿ ಇನ್ನೂ ದೊಡ್ಡ ಗೋಡೆ. ಧ್ವನಿಮತ. ಒಪ್ಪುವವರು ಹೌದು ಅನ್ನುತ್ತಾರೆ, ಒಪ್ಪದವರು ಇಲ್ಲ ಅನ್ನುತ್ತಾರೆ, ಸಭಾಧ್ಯಕ್ಷರು ಅಂಗೀಕಾರವಾಯಿತು ಎನ್ನುತ್ತಾರೆ. ವಿಧಾನಸಭೆಯಲ್ಲಿ 224 ಚುನಾಯಿತ ಸದಸ್ಯರು. ಯಾರು ಹೌದು ಅಂದರು, ಯಾರು ಇಲ್ಲ ಅಂದರು, ಯಾರು ಆ ಹೊತ್ತಿಗೆ ಕ್ಯಾಂಟೀನಿನಲ್ಲಿದ್ದರು, ಒಬ್ಬರ ಹೆಸರೂ ದಾಖಲಾಗುವುದಿಲ್ಲ. ನಾನು ಮತ ಹಾಕಿದ ಮನುಷ್ಯ ನನ್ನ ಹೆಸರಿನಲ್ಲಿ ಏನು ಮಾಡಿದ ಅನ್ನುವುದಕ್ಕೆ ನನ್ನ ಬಳಿ ಒಂದು ಸಾಲಿನ ಪುರಾವೆಯಿಲ್ಲ. ಐದು ವರ್ಷ ಆದಮೇಲೆ ಯಾವ ಲೆಕ್ಕ ಕೇಳಲಿ?

ಇದು ಒಂದು ಪಕ್ಷದ ಮೇಲಿನ ಕೋಪ ಅಂತ ಯಾರೂ ತಿಳಿಯಬೇಡಿ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದದ್ದು ಮೊದಲು ಸುಗ್ರೀವಾಜ್ಞೆಯಲ್ಲಿ. ಕೃಷಿ ಭೂಮಿ ಯಾರು ಕೊಳ್ಳಬಹುದು ಅನ್ನುವಂಥ ದೊಡ್ಡ ವಿಷಯವನ್ನು, ಕೊರೊನಾದಲ್ಲಿ ಜನ ಮನೆ ಬಿಟ್ಟು ಬರಲಾಗದ ಹೊತ್ತಿನಲ್ಲಿ ತಂದರು. ಅದೇ ವರ್ಷ ಡಿಸೆಂಬರ್ 9ರಂದು ಗೋಹತ್ಯೆ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಮಂಡನೆಯಾದ ದಿನವೇ ಗದ್ದಲದ ನಡುವೆ ಪಾಸಾಯಿತು. ಆ ಕಾನೂನು ಬೇಕೋ ಬೇಡವೋ ಅನ್ನುವುದು ಬೇರೆ ಮಾತು. ಬೇಕು ಅನ್ನುವವರಿಗೂ ಅದನ್ನು ಓದುವ ಹಕ್ಕು ಇರಲಿಲ್ಲವೇ?

ಸರ್ಕಾರ ಬದಲಾಯಿತು, ಚಾಳಿ ಬದಲಾಗಲಿಲ್ಲ. 2025ರ ಮಾರ್ಚ್ 21. ಸದನದಲ್ಲಿ ಕಾಗದ ಹರಿದು ತೂರುತ್ತಿದ್ದಾರೆ, ಕೂಗಾಟ ನಡೆದಿದೆ. ಆ ಗದ್ದಲದಲ್ಲೇ ಶಾಸಕರ ಸಂಬಳ ತಿಂಗಳಿಗೆ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ಮಸೂದೆಗಳು ಚರ್ಚೆಯಿಲ್ಲದೆ ಪಾಸಾದವು. ಅವತ್ತೇ 18 ಬಿಜೆಪಿ ಶಾಸಕರನ್ನು ಆರು ತಿಂಗಳು ಅಮಾನತು ಮಾಡಿದರು. ಎರಡು ತಿಂಗಳ ಬಳಿಕ ಅದನ್ನು ವಾಪಸ್ ಪಡೆದರು ನಿಜ. ಆದರೆ ಆ 18 ಕ್ಷೇತ್ರದ ಜನ ಯಾವ ತಪ್ಪು ಮಾಡಿದ್ದರು?

ಸರಿಯಾಗಿ ಮಾಡಲು ಬರುವುದಿಲ್ಲ ಅಂದಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಬರುತ್ತೆ! ಡೆಲಿವರಿ ಹುಡುಗರು, ಕ್ಯಾಬ್ ಚಾಲಕರಿಗಾಗಿ ಮಾಡಿದ ಗಿಗ್ ಕಾರ್ಮಿಕರ ಮಸೂದೆಯ ಕರಡನ್ನು 2024ರ ಜೂನ್‌ನಲ್ಲೇ ಬಹಿರಂಗಪಡಿಸಿ ಆಕ್ಷೇಪಣೆ ಕೇಳಿದ್ದರು. ಗ್ರೇಟರ್ ಬೆಂಗಳೂರು ಮಸೂದೆಯನ್ನು 2024ರ ಜುಲೈನಲ್ಲಿ ಮಂಡಿಸಿ, ಜಂಟಿ ಪರಿಶೀಲನಾ ಸಮಿತಿಗೆ ಒಪ್ಪಿಸಿ, ಜನರ ಅಹವಾಲು ಕೇಳಿ, ಮರುವರ್ಷ ಮಾರ್ಚ್‌ನಲ್ಲಿ ಪಾಸು ಮಾಡಿದರು. ಕೇಂದ್ರ ಸರ್ಕಾರದಲ್ಲಿ 2014ರಿಂದ ಒಂದು ನೀತಿಯಿದೆ, ಕರಡು ಕಾನೂನನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಅಂತ. ಅವರೂ ಅದನ್ನು ಎಷ್ಟೋ ಸಲ ಗಾಳಿಗೆ ತೂರಿದ್ದಾರೆ, ಆ ಮಾತು ಬೇರೆ. ನಮಗೆ ಬೇಕಿರುವುದು ನೀತಿಯಲ್ಲ, ಮುರಿಯಲಾಗದ ಕಾನೂನು.

ಪಕ್ಷದ ವಿಪ್ ಇರುತ್ತೆ, ಶಾಸಕರ ಕೈ ಕಟ್ಟಿರುತ್ತೆ ಅಂತ ಸಮಾಧಾನ ಹೇಳುವವರಿಗೂ ಒಂದು ಮಾತು. ಕೆರೆ ಮಸೂದೆಯನ್ನು ಸದನ ಸಮಿತಿಗೆ ಕಳಿಸಿ, ನನ್ನ ಕ್ಷೇತ್ರದ ಕೆರೆಗಳ ಪಟ್ಟಿ ಕೊಡಿ ಅಂತ ಎದ್ದು ನಿಂತು ಕೇಳಬಹುದಿತ್ತಲ್ಲ? ಅದಕ್ಕೂ ಬಾಯಿ ಬರಲಿಲ್ಲವೇ? ಬೆಂಗಳೂರಿನಲ್ಲಂತೂ 2015ರಲ್ಲಿ ಆರಿಸಿದ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದ ಮೇಲೆ ಚುನಾವಣೆ ನಡೆಸದೆ ವರ್ಷಗಟ್ಟಲೆ ತಳ್ಳಿದರು. ಕಸ, ಚರಂಡಿ, ಬೀದಿದೀಪ ಎಲ್ಲವೂ ಶಾಸಕರ ಕಚೇರಿಯ ಬಾಗಿಲಿಗೇ ಬಂದವು. ಅವರಿಗೂ ಅದೇ ಹಿತ. ಚರಂಡಿ ಪೂಜೆಗೆ ಫ್ಲೆಕ್ಸ್ ಹಾಕಿಸಬಹುದು, ಮಸೂದೆ ಓದಿದ್ದಕ್ಕೆ ಫ್ಲೆಕ್ಸ್ ಹಾಕುವವರು ಯಾರು?

ಕೊನೆಗೆ ನಮ್ಮ ಕೆರೆ ಗುಂಪಿನವರು ಸೇರಿ ರಾಜಭವನಕ್ಕೆ ಪತ್ರ ಬರೆದೆವು, ಕೆರೆ ಮಸೂದೆಗೆ ಅಂಕಿತ ಹಾಕಬೇಡಿ ಅಂತ. ನೆನೆದರೆ ಮೈ ಉರಿಯುತ್ತೆ. ನಾವು ಆರಿಸಿದವರು ಮಾತಾಡಿಸುವುದಿಲ್ಲ, ನಾವು ಆರಿಸದವರ ಮುಂದೆ ಹೋಗಿ ಕೈಮುಗಿಯಬೇಕು. ಒಬ್ಬ ರಾಜ್ಯಪಾಲರ ಮನಸ್ಸಿನ ಮೇಲೆ ನಮ್ಮ ಕೆರೆ ನಿಂತಿರಬೇಕೇ?

ಶಾಸಕರೇ, ನಿಮ್ಮ ಕಚೇರಿಯಲ್ಲಿ ನನ್ನ ಪತ್ರ ಇದೆ, ಮೇಲೆ ನಿಮ್ಮದೇ ಮೊಹರು ಇದೆ. ಅದರಲ್ಲಿ ಕೇಳಿರುವುದು ಮೂರೇ ಮಾತು. ಕೆರೆ ಮಸೂದೆ ಮತಕ್ಕೆ ಬಂದಾಗ ನೀವು ಸದನದಲ್ಲಿ ಇದ್ದಿರಾ? ಇದ್ದರೆ ಹೌದು ಅಂದಿರಾ, ಇಲ್ಲ ಅಂದಿರಾ? ಮುಂದಿನ ಸಲ ಧ್ವನಿಮತ ಬೇಡ, ಹೆಸರು ಹಿಡಿದು ಎಣಿಸಿ ಅಂತ ಎದ್ದು ನಿಂತು ಕೇಳುತ್ತೀರಾ? ಲಿಖಿತ ಉತ್ತರ ಕೊಡಿ. ಕೊಡುವ ತನಕ ಪ್ರತಿ ಸೋಮವಾರ ಫೋನ್ ಮಾಡುತ್ತೇನೆ, ನಿಮ್ಮ ಪಿ.ಎ.ಗೆ ಹೇಳಿಡಿ.